ಮುಟ್ಟದೆ ದಾಟುವ ಕರೆಂಟು



ಮನೆಯ ಮಿಕ್ಸಿ ಕಿಡಿ ಹಾರಿಸುತ್ತ ಸುಟ್ಟ ವಾಸನೆ ಬೀರತೊಡಗಿದರೆ ರಿಪೇರಿಯವರು ಮೊದಲು ನೋಡುವುದು ಕಾರ್ಬನ್ನನ್ನು. ಎರಡು ಪುಟ್ಟ ಕರಿ ತುಂಡುಗಳು ಸ್ಪ್ರಿಂಗಿನ ಒತ್ತಡದಲ್ಲಿ ತಿರುಗುವ ಭಾಗವನ್ನು ಉಜ್ಜುತ್ತ ಅದಕ್ಕೆ ಕರೆಂಟು ಒಪ್ಪಿಸುತ್ತಿರುತ್ತವೆ. ಉಜ್ಜಿದ್ದು ಸವೆಯಲೇಬೇಕು. ಆದರೆ ನಿಮ್ಮ ಬಾವಿಯ ಪಂಪ್‌ಸೆಟ್ಟಿಗೆ ಎಂದಾದರೂ ಕಾರ್ಬನ್ ಹಾಕಿಸಿದ್ದೀರಾ? ಇರಲಾರದು. ಅದರಲ್ಲಿ ಕಾರ್ಬನ್ನೇ ಇಲ್ಲ. ನೂರಾರು ಅಡಿ ಆಳದ ಬೋರ್‌ವೆಲ್ಲಿನಲ್ಲಿ ನೀರಿನೊಳಗೆ ಮುಳುಗಿ ಕೂತ ಮೋಟಾರಿಗೆ ಕಾರ್ಬನ್ ಬದಲಿಸುವುದು ಆಗುವ ಮಾತೂ ಅಲ್ಲ. ಹಾಗಾದರೆ ಒಳಗೆ ತಿರುಗುವ ಭಾಗಕ್ಕೆ ಕರೆಂಟು ಹೋಗುವ ದಾರಿ ಯಾವುದು?

ದಾರಿಯೇ ಇಲ್ಲ, ಅದು ನಡುವಿನ ಸಂದನ್ನು ದಾಟಿ ಬರುತ್ತದೆ. ತಂತಿಯ ಹತ್ತಿರ ಅಯಸ್ಕಾಂತದ ಬಲ ಹೆಚ್ಚುಕಡಿಮೆಯಾದರೆ ತಂತಿಯಲ್ಲಿ ಕರೆಂಟು ಹುಟ್ಟುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ. (ತಮಿಳಿನ 'ಕಾಂದಂ' ನಮ್ಮ ಅಯಸ್ಕಾಂತದ ಬಾಲವೇ ಅಲ್ಲವೇ!) ಮೂರು ಫೇಸಿನ ಕರೆಂಟು ಮೋಟಾರಿನ ಹೊರ ಸುತ್ತಿನ ಕಾಯಿಲುಗಳಲ್ಲಿ ಒಂದರ ಹಿಂದೊಂದು ಏರಿಳಿಯುವಾಗ, ಕಣ್ಣಿಗೆ ಕಾಣದ ಅಯಸ್ಕಾಂತವೊಂದು ಒಳಗೆ ಗಿರಗಿರನೆ ಸುತ್ತಿದಂತಾಗುತ್ತದೆ. ಅದರ ನಡುವೆ ಇರುವ ರೋಟರಿನಲ್ಲಿ ಸುತ್ತಿದ ತಂತಿಯಿಲ್ಲ. ಅಲ್ಯೂಮಿನಿಯಂ ಅಥವಾ ತಾಮ್ರದ ಸರಳುಗಳು, ಎರಡು ತುದಿಗೂ ಒಂದೊಂದು ಬಳೆ. ಅಳಿಲು ಸಾಕುವ ಪಂಜರದ ಹಾಗಿದೆಯೆಂದು ಅದಕ್ಕೆ ಅದೇ ಹೆಸರು. ಸುತ್ತುವ ಅಯಸ್ಕಾಂತ ಈ ಸರಳುಗಳಲ್ಲಿ ಕರೆಂಟು ಹುಟ್ಟಿಸುತ್ತದೆ, ಹುಟ್ಟಿದ ಕರೆಂಟು ರೋಟರನ್ನು ಅದರ ಹಿಂದೆಯೇ ಎಳೆದೊಯ್ಯುತ್ತದೆ.

ಹಿಂದೆಯೇ ಎಂದೆ, ಜೊತೆಗೆ ಎನ್ನಲಿಲ್ಲ. ಮೋಟಾರಿನ ಮೇಲಿನ ತಗಡನ್ನು ಓದಿ ನೋಡಿ. ಬಾವಿಯ ಮೋಟಾರಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 1440 ಸುತ್ತು ಅಥವಾ 2880 ಸುತ್ತು ಎಂದಿರುತ್ತದೆ. ಒಳಗಿನ ಅಯಸ್ಕಾಂತ ಸುತ್ತುವುದು 1500 ಅಥವಾ 3000. ರೋಟರು ಸರಿಸಮನಾಗಿ ಓಡಿದರೆ ಸರಳುಗಳಿಗೆ ಯಾವ ಬದಲಾವಣೆಯೂ ತಟ್ಟದು, ಕರೆಂಟು ಹುಟ್ಟದು, ಎಳೆತವೂ ನಿಲ್ಲುತ್ತದೆ. ಆದ್ದರಿಂದ ಹಿಂದೆ ಬೀಳಲೇಬೇಕು. ಬಿದ್ದಷ್ಟು ಪಾಲು, ಇಲ್ಲಿ ನೂರಕ್ಕೆ 4, ರೋಟರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಮುಟ್ಟದೆ ದಾಟಿಸಿದ್ದಕ್ಕೆ ಕೊಡುವ ಸುಂಕ ಅದು.

ಬೇಸಿಗೆಯಲ್ಲಿ ಮೋಟಾರು ಸುಡುವ ಗುಟ್ಟೂ ಇದೇ ಸುಂಕದಲ್ಲಿದೆ. ವೋಲ್ಟೇಜು ನೂರರಿಂದ 80ಕ್ಕೆ ಇಳಿಯಿತೆನ್ನಿ. ಎಳೆಯುವ ಶಕ್ತಿ 80ಕ್ಕಲ್ಲ, 64ಕ್ಕೆ ಇಳಿಯುತ್ತದೆ. ನೀರಿನ ಭಾರ ಮಾತ್ರ ಅಷ್ಟೇ. ರೋಟರು ಇನ್ನಷ್ಟು ಹಿಂದೆ ಬೀಳುತ್ತದೆ, ಹೆಚ್ಚು ಕರೆಂಟು ಎಳೆಯುತ್ತದೆ, ಹೊರಗಿನ ಕಾಯಿಲು ಕಾಯುತ್ತದೆ. ಒಂದು ಫೇಸ್ ಹೋದರಂತೂ ಅಯಸ್ಕಾಂತ ಸುತ್ತುವುದನ್ನು ಬಿಟ್ಟು ನಿಂತಲ್ಲೇ ಬಡಿದುಕೊಳ್ಳುತ್ತದೆ. ನಿಂತ ಮೋಟಾರು ಬರಿದೇ ಗುಂಯ್‌ಗುಡುತ್ತದೆ, ಹೊರಡುವುದಿಲ್ಲ. ಆಗ ಮತ್ತೆ ಮತ್ತೆ ಸ್ವಿಚ್ ಒತ್ತುವುದು ಕಾಯಿಲಿಗೆ ಬೆಂಕಿ ಇಟ್ಟಂತೆ. ಓಡುತ್ತಿದ್ದ ಮೋಟಾರು ಓಡುತ್ತಲೇ ಇರಬಹುದು, ಅದು ಇನ್ನೂ ಅಪಾಯ, ಏಕೆಂದರೆ ನಮಗೆ ತಿಳಿಯುವುದೇ ಇಲ್ಲ. ಕೃಷಿಗೆ ಕರೆಂಟು ಉಚಿತವಾದರೂ ಕಾಯಿಲು ಕಟ್ಟಿಸುವ ಖರ್ಚು ರೈತನದೇ. ಫೇಸ್ ಹೋದಾಗ ತಾನೇ ನಿಲ್ಲಿಸುವ ರಕ್ಷಕವನ್ನು ಸ್ಟಾರ್ಟರಿನಲ್ಲಿ ಹಾಕಿಸುವುದು ಅದಕ್ಕಿಂತ ಎಷ್ಟೋ ಅಗ್ಗ.

ಈಗ ಹೊಸೂರು, ಪೋಚಂಪಳ್ಳಿಯ ಕಡೆ ತಿರುಗೋಣ. 2004ರವರೆಗೆ ಇವು ಧರ್ಮಪುರಿ ಜಿಲ್ಲೆಗೇ ಸೇರಿದ್ದವು. ಈಗ ಕೃಷ್ಣಗಿರಿ ಜಿಲ್ಲೆ. ಅಲ್ಲಿ ಏಥರ್, ಟಿವಿಎಸ್, ಓಲಾ ಕಂಪನಿಗಳು ವಿದ್ಯುತ್ ಸ್ಕೂಟರು ಮಾಡುತ್ತವೆ. ಸುತ್ತಲಿನ ಹಳ್ಳಿಗಳ ಎಷ್ಟೋ ಮಕ್ಕಳ ಸಂಬಳ ಬರುವುದು ಇಲ್ಲಿಂದಲೇ. ಇಂಥ ಸ್ಕೂಟರಿನ ರೋಟರಿಗೆ ಕರೆಂಟೇ ಬೇಡ, ಅದರಲ್ಲಿ ಶಾಶ್ವತ ಅಯಸ್ಕಾಂತವಿದೆ. ಬಲವಾದ ಅಯಸ್ಕಾಂತಕ್ಕೆ ನಿಯೋಡಿಮಿಯಂ, ಡಿಸ್ಪ್ರೋಸಿಯಂನಂಥ ಅಪರೂಪದ ಲೋಹಗಳು ಬೇಕು, ಅವುಗಳ ಕೀಲಿ ಚೀನಾದ ಕೈಯಲ್ಲಿದೆ. 2025ರ ಏಪ್ರಿಲಿನಲ್ಲಿ ಚೀನಾ ಡಿಸ್ಪ್ರೋಸಿಯಂ ಸೇರಿದಂತೆ ಇಂಥ ಏಳು ಲೋಹಗಳ ಮತ್ತು ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ಅಂಕುಶ ಹಾಕಿದಾಗ ನಮ್ಮ ದೇಶದ ವಾಹನ ತಯಾರಕರಿಗೂ ಬಿಸಿ ಮುಟ್ಟಿತು.

ಅಯಸ್ಕಾಂತ ಬೇಡವೆಂದರೆ ರೋಟರಿಗೆ ತಾಮ್ರದ ತಂತಿ ಸುತ್ತಿ ಕರೆಂಟು ಕೊಟ್ಟು ಅದನ್ನೇ ಅಯಸ್ಕಾಂತ ಮಾಡಬೇಕು. ಕೊಡುವುದು ಹೇಗೆ? ಮತ್ತೆ ಕಾರ್ಬನ್ ಬಂತು. ಫ್ರಾನ್ಸಿನ ರೆನೋ, ಜರ್ಮನಿಯ ಬಿಎಂಡಬ್ಲ್ಯು ಕಾರುಗಳಲ್ಲಿ ಹಾಗೆಯೇ ಮಾಡಿದರು. ಕಾರ್ಬನ್ನೂ ಬೇಡವೆಂದವರು ಜರ್ಮನಿಯ ಮಾಲೆ ಕಂಪನಿಯವರು 2021ರಲ್ಲಿ, ಝಡ್‌ಎಫ್ ಕಂಪನಿಯವರು 2023ರಲ್ಲಿ.

ಅವರ ಉಪಾಯ ನಿಮ್ಮೂರ ಟ್ರಾನ್ಸ್‌ಫಾರ್ಮರಿನಲ್ಲೇ ಇದೆ. ಅದರೊಳಗಿನ ಎರಡು ಕಾಯಿಲುಗಳ ತಂತಿ ಒಂದನ್ನೊಂದು ಮುಟ್ಟುವುದಿಲ್ಲ, ಆದರೂ ಕರೆಂಟು ದಾಟುತ್ತದೆ. ಅಂಥದ್ದೊಂದನ್ನು ಪುಟ್ಟದಾಗಿ ಮಾಡಿ ಎರಡು ಹೋಳು ಮಾಡಿ. ಒಂದು ಹೋಳು ನಿಂತಿರಲಿ, ಇನ್ನೊಂದು ಹೋಳು ರೋಟರಿನ ದಂಡಕ್ಕೆ ಅಂಟಿ ತಿರುಗಲಿ. ಎರಡೂ ದಂಡದ ಸುತ್ತ ಬಳೆಯಂತೆ ದುಂಡಗಿರುವುದರಿಂದ ಎಷ್ಟು ತಿರುಗಿದರೂ ಒಂದಕ್ಕೊಂದು ಎದುರಾಗಿಯೇ ಇರುತ್ತವೆ. ದಾಟಿ ಬಂದ ಏರಿಳಿತದ ಕರೆಂಟನ್ನು ರೋಟರಿನ ಮೇಲೆಯೇ ಕೂತು ತಿರುಗುವ ಡಯೋಡುಗಳು ಬ್ಯಾಟರಿ ಕರೆಂಟಿನಂತೆ ಒಂದೇ ದಿಕ್ಕಿನದಾಗಿ ಮಾಡುತ್ತವೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಬಾರಿ ಅಲೆಯುತ್ತದೆ; ಇಲ್ಲಿ ಸಾವಿರಾರು ಬಾರಿ ಅಲೆಯಿಸುತ್ತಾರೆ. ಅಲೆತ ಹೆಚ್ಚಿದಷ್ಟೂ ಯಂತ್ರ ಚಿಕ್ಕದಾಗುತ್ತದೆ.

ತೀರ ಹೊಸದೇನಲ್ಲ. ಹಿಂದೆ ಬಾಡಿಗೆಗೆ ತಂದ ವಿಸಿಆರಿನಲ್ಲಿ ರಾತ್ರಿಯಿಡೀ ಒಂದು ರಾಜ್‌ಕುಮಾರ್, ಒಂದು ಎಂಜಿಆರ್ ಚಿತ್ರ ನೋಡಿದ್ದೀರಲ್ಲ, ಅದರೊಳಗೆ ತಿರುಗುವ ಉರುಳೆಯಿಂದ ಚಿತ್ರದ ಸಂಕೇತ ಹೊರಬರುತ್ತಿದ್ದುದು ಇಂಥದೇ ಹೋಳು ಟ್ರಾನ್ಸ್‌ಫಾರ್ಮರಿನಿಂದ. ಕಲ್ಯಾಣಮಂಟಪದ ಜನರೇಟರಿನ ಮೇಲೆ 'ಬ್ರಶ್‌ಲೆಸ್' ಎಂದು ಬರೆದಿದ್ದರೆ ಅಲ್ಲಿಯೂ ರೋಟರಿಗೆ ಕರೆಂಟು ಮುಟ್ಟದೆಯೇ ಬರುತ್ತದೆ, ತಿರುಗುವ ಡಯೋಡುಗಳೂ ಇರುತ್ತವೆ.

ಹಾಗೆಂದು ನಾಳೆಯೇ ನಿಮ್ಮ ಮಗನ ಸ್ಕೂಟರಿಗೆ ಇದು ಬರುತ್ತದೆಂದು ನನಗೆ ಅನ್ನಿಸುವುದಿಲ್ಲ. ವೇಗವಾಗಿ ತಿರುಗುವ ರೋಟರಿನ ಮೇಲೆ ತಂತಿ, ಡಯೋಡು ಚಿಮ್ಮಿಹೋಗದಂತೆ ಬಿಗಿಯಬೇಕು, ಅವುಗಳ ಬಿಸಿ ಆರಿಸಬೇಕು. ಕಾರು, ಲಾರಿಗೆ ಆ ಖರ್ಚು ತಾಳೀತು, ಚಿಕ್ಕ ಬಂಡಿಗೆ ಕಷ್ಟ. ಸ್ಕೂಟರಿನವರು ಹಿಡಿದಿರುವ ದಾರಿ ಬೇರೆ. ಓಲಾ 2025ರಲ್ಲಿ ಪ್ರಮಾಣಪತ್ರ ಪಡೆದ ಹೊಸ ಮೋಟಾರಿನಲ್ಲಿರುವುದು ಫೆರೈಟ್ ಅಯಸ್ಕಾಂತ: ರೇಡಿಯೋದ ಸ್ಪೀಕರಿನ ಹಿಂದೆ ದುಂಡಗೆ ಕರ್ರಗೆ ಕೂತಿರುತ್ತದಲ್ಲ, ಅದೇ ಜಾತಿಯದು.