ಬ್ರಿಟಾನಿಯಾ ಸೋತಳು, ಲಕೋಟೆ ಗೆದ್ದಿತು

ಲಂಡನ್ನಿನ ಅಂಚೆ ಅಧಿಕಾರಿಗಳಿಗೆ ಒಮ್ಮೆ ವಿಚಿತ್ರವಾದ ಕೆಲಸವೊಂದು ಗಂಟುಬಿತ್ತು. ರಾಶಿರಾಶಿ ಲಕೋಟೆಗಳನ್ನು ನಾಶಮಾಡಬೇಕಿತ್ತು. ಎಲ್ಲವೂ ಹೊಚ್ಚಹೊಸವು, ಒಂದಕ್ಷರವನ್ನೂ ಬರೆಯದವು. ಹೆಸರಾಂತ ಕಲಾವಿದನೊಬ್ಬನ ಚಿತ್ರ ಅವುಗಳ ಮೇಲಿತ್ತು. ಮೊದಲು ಸುಡಲು ನೋಡಿದರು. ಯಾರೂ ಕದ್ದೊಯ್ಯದಿರಲೆಂದು ಮುಚ್ಚಿದ ಒಲೆಗೆ ಹಾಕಿದರೆ ಕಟ್ಟುಕಟ್ಟಾಗಿದ್ದ ಕಾಗದ ಉರಿಯಲೇ ಇಲ್ಲ. ಕೊನೆಗೆ ಅವನ್ನು ಹಾಳುಮಾಡಲೆಂದೇ ಒಂದು ಯಂತ್ರವನ್ನು ಮಾಡಿಸಬೇಕಾಯಿತು.

ಗೆಳೆಯರಿಗೆ ಬರೆವ ಕಾಗದದ ಮೇಲೆ, ಅದರ ಲಕೋಟೆಯ ಮೇಲೆ ನಾವೇ ಚಿತ್ರ ಬಿಡಿಸಿ, ಬಣ್ಣ ಹಚ್ಚಿ, ಕತ್ತರಿಸಿ ಅಂಟಿಸುವ ಹವ್ಯಾಸ ಎಲ್ಲಿಂದ ಹೊರಟಿತೆಂದು ಹುಡುಕಿದರೆ ದಾರಿ ಈ ರಾಶಿಯ ಮುಂದೆ ಬಂದು ನಿಲ್ಲುತ್ತದೆ.

1840ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಲಕೋಟೆಯೆಂಬುದು ದುಡ್ಡಿದ್ದವರ ವಸ್ತು. ಅಂಚೆ ದರವನ್ನು ದೂರ ನೋಡಿ, ಹಾಳೆ ಎಣಿಸಿ ಹಾಕುತ್ತಿದ್ದರು. ಪತ್ರಕ್ಕೆ ಹೊದಿಸಿದ ಲಕೋಟೆಯೂ ಒಂದು ಹಾಳೆಯೇ, ಅಂದರೆ ಎರಡು ಪಟ್ಟು ದರ. ಹೆಚ್ಚಿನ ಪತ್ರಗಳಿಗೆ ಹಣ ಕೊಡಬೇಕಾದವರು ಪಡೆಯುವವರು. ಹಾಗಾಗಿ ಬಡವರು, ಮಧ್ಯಮ ವರ್ಗದವರು ಒಂದೇ ಹಾಳೆಯಲ್ಲಿ ಎಲ್ಲವನ್ನೂ ತುಂಬಿಸಲು ಕಲಿತರು. ಪುಟ ತುಂಬಿದ ಮೇಲೆ ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ ಮೊದಲ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಅದೇ ಹಾಳೆಯನ್ನು ಮಡಿಚಿ, ತುದಿಯನ್ನು ಒಳಗೆ ಸಿಕ್ಕಿಸಿ, ಅರಗಿನ ಮೊಹರು ಒತ್ತಿದರೆ ಪತ್ರವೇ ಲಕೋಟೆ. ಪತ್ರಿಕೆಗಳು ಅಂಚೆಯಲ್ಲಿ ಬಿಟ್ಟಿಯಾಗಿ ಹೋಗುತ್ತಿದ್ದುದರಿಂದ, ಅಚ್ಚಾದ ಅಕ್ಷರಗಳ ಕೆಳಗೆ ಸೂಜಿಯಿಂದ ಚುಚ್ಚಿ ಸುದ್ದಿ ಕಳಿಸುವ ಉಪಾಯವೂ ಇತ್ತು.

ಕವಿ ಕೋಲ್‌ರಿಜ್ ಹೇಳುತ್ತಿದ್ದ ಒಂದು ಪ್ರಸಂಗವಿದೆ. ಸರೋವರ ಸೀಮೆಯ ಬಡ ಹೆಂಗಸೊಬ್ಬಳಿಗೆ ಪತ್ರ ಬಂತು. ಅವಳು ಅದನ್ನು ತಿರುಗಿಸಿ ನೋಡಿ, ಹಣವಿಲ್ಲವೆಂದು ಹಿಂದಿರುಗಿಸಿದಳು. ಕವಿ ಮರುಗಿ ತಾನೇ ಹಣ ಕೊಟ್ಟ. ಅಂಚೆಯವನು ಹೋದ ಮೇಲೆ ಬಿಚ್ಚಿದರೆ ಒಳಗೆ ಖಾಲಿ ಹಾಳೆ. ಹಾಗೆ ಬಂದ ಪತ್ರವೆಂದರೆ ಅಣ್ಣ ಚೆನ್ನಾಗಿದ್ದಾನೆಂದು ಅರ್ಥ, ಅದು ಅಣ್ಣ ತಂಗಿಯರ ನಡುವಿನ ಒಪ್ಪಂದ. ಇದನ್ನು ಅನೇಕರು ಅಂಚೆಗೆ ಮಾಡಿದ ಮೋಸವೆಂದು ಬರೆದಿದ್ದಾರೆ. ಒಡಹುಟ್ಟಿದವರ ಕ್ಷೇಮ ತಿಳಿಯಲು ಕೂಲಿಯ ಹಣ ಕೇಳುವ ವ್ಯವಸ್ಥೆಯ ಎದುರು ಅದಕ್ಕಿಂತ ನ್ಯಾಯವಾದ ದಾರಿ ನನಗಂತೂ ಕಾಣುವುದಿಲ್ಲ.

ರೋಲೆಂಡ್ ಹಿಲ್ 1837ರಲ್ಲಿ ಅಂಚೆ ಸುಧಾರಣೆಯ ಕಿರುಹೊತ್ತಗೆ ಬರೆದ. ಅಂಚೆಯ ಖರ್ಚಿನಲ್ಲಿ ದೂರದ ಪಾಲು ತೀರ ಸಣ್ಣದು, ಹಾಗಾಗಿ ದೇಶವಿಡೀ ಒಂದೇ ದರ ಇರಲಿ, ಅದನ್ನು ಮುಂಗಡವಾಗಿ ಕಟ್ಟಲಿ ಎಂಬುದು ಅವನ ವಾದ. 1840ರ ಜನವರಿ 10ರಿಂದ ಅರ್ಧ ಔನ್ಸ್ ತೂಕದ ಪತ್ರ ದೇಶದ ಯಾವ ಮೂಲೆಗಾದರೂ ಒಂದು ಪೆನ್ನಿಗೆ ಹೋಗತೊಡಗಿತು. ಹಾಳೆಯ ಲೆಕ್ಕ ಹೋಗಿ ತೂಕದ ಲೆಕ್ಕ ಬಂದಿದ್ದರಿಂದ ಲಕೋಟೆಗಿದ್ದ ದಂಡ ತಾನಾಗಿ ಕಳಚಿತು. 1839ರಲ್ಲಿ ಸುಮಾರು ಏಳೂವರೆ ಕೋಟಿಯಷ್ಟಿದ್ದ ಪತ್ರಗಳು ಮರುವರ್ಷ ಹದಿನಾರು ಕೋಟಿ ದಾಟಿದವು.

ಮುಂಗಡ ಹಣ ಕಟ್ಟಿದ್ದಕ್ಕೆ ಗುರುತು ಬೇಕಿತ್ತಲ್ಲ, ಅದಕ್ಕೆ ಹಿಲ್ ಎರಡು ದಾರಿ ಮಾಡಿದ. ಒಂದು, ಇಂದು ಜಗತ್ತೆಲ್ಲ ಬಲ್ಲ ಪೆನ್ನಿ ಬ್ಲ್ಯಾಕ್ ಅಂಚೆ ಚೀಟಿ. ಇನ್ನೊಂದು, ದರವನ್ನು ಮೊದಲೇ ಅಚ್ಚುಹಾಕಿದ ಲಕೋಟೆ ಮತ್ತು ಮಡಿಚುವ ಪತ್ರದ ಹಾಳೆ. ಜನ ಎರಡನೆಯದನ್ನೇ ಮೆಚ್ಚುತ್ತಾರೆಂದು ಅವನು ನಂಬಿದ್ದ. ಅದರ ಚಿತ್ರವನ್ನು ರಾಯಲ್ ಅಕಾಡೆಮಿಯ ಸದಸ್ಯ, ಐರ್ಲೆಂಡ್ ಮೂಲದ ವಿಲಿಯಂ ಮಲ್ರೆಡಿಗೆ ವಹಿಸಲಾಯಿತು. ಮಲ್ರೆಡಿ ಮನಸ್ಸಿಟ್ಟು ಬರೆದ. ನಡುವೆ ಬಂಡೆಯ ಮೇಲೆ ಬ್ರಿಟನ್ನಿನ ಪ್ರತೀಕವಾದ ಬ್ರಿಟಾನಿಯಾ ದೇವಿ, ಕಾಲಬಳಿ ಸಿಂಹ. ಅವಳು ಎರಡೂ ಕೈ ಚಾಚಿ ರೆಕ್ಕೆಯ ದೂತರನ್ನು ದಿಕ್ಕುದಿಕ್ಕಿಗೆ ಕಳಿಸುತ್ತಿದ್ದಾಳೆ. ಒಂದು ಪಕ್ಕದಲ್ಲಿ ಆನೆ, ಒಂಟೆ, ಪೂರ್ವದೇಶದ ಜನ; ಮತ್ತೊಂದು ಪಕ್ಕದಲ್ಲಿ ಅಮೆರಿಕದ ಮೂಲನಿವಾಸಿಗಳು. ಕೆಳಗಿನ ಎರಡು ಮೂಲೆಗಳಲ್ಲಿ ಮನೆಯವರು ಪತ್ರ ಓದುವ ದೃಶ್ಯ. ಇದನ್ನು ಜಾನ್ ಥಾಂಪ್ಸನ್ ಹಿತ್ತಾಳೆಯಲ್ಲಿ ಕೆತ್ತಿದ. ನಕಲು ಮಾಡಲಾಗದಂತೆ ಒಳಗೆ ರೇಷ್ಮೆ ಎಳೆ ಹಾಯಿಸಿದ ಡಿಕಿನ್ಸನ್ ಕಾಗದದ ಮೇಲೆ ಅಚ್ಚಾಯಿತು. ಮೇ 1ಕ್ಕೆ ಮಾರಾಟ, ಮೇ 6ರಿಂದ ಬಳಕೆ.

ಒಂದು ವಾರವೂ ಪೂರಾ ಆಗಲಿಲ್ಲ, ಊರೆಲ್ಲ ನಗೆ. ಒಬ್ಬ ದೂತನಿಗೆ ಒಂದೇ ಕಾಲು ಎಂದು ಯಾರೋ ಕಂಡುಹಿಡಿದರು. ಪತ್ರಿಕೆಗಳು ಗೇಲಿ ಮಾಡಿದವು. ಲೇಖನ ಸಾಮಗ್ರಿ ಮಾರುವ ಅಂಗಡಿಯವರಿಗಂತೂ ಸರ್ಕಾರವೇ ಕಾಗದ, ಲಕೋಟೆ ಮಾರಲು ಬಂದರೆ ತಮ್ಮ ಹೊಟ್ಟೆಪಾಡೇನು ಎಂಬ ಭಯ. ಮೇ 12ರ ಹೊತ್ತಿಗೆ ಹಿಲ್ ತನ್ನ ದಿನಚರಿಯಲ್ಲಿ ಸೋಲೊಪ್ಪಿಕೊಂಡಿದ್ದ. ಜನರಿಗೆ ಚೆಲುವಿನ ರುಚಿಯೇ ಇಲ್ಲವೆಂದು ನೊಂದುಕೊಂಡ.

ಇಲ್ಲಿ ಹಿಲ್ ಜನರಿಗೆ ಅನ್ಯಾಯ ಮಾಡಿದನೆಂದೇ ನನ್ನ ಅನಿಸಿಕೆ. ಮಲ್ರೆಡಿಯ ಗೆರೆ ನಿಜಕ್ಕೂ ಸೊಗಸಾದದ್ದು, ಆ ಗೇಲಿಯನ್ನು ಅವನು ಪಡೆಯಬೇಕಾಗಿರಲಿಲ್ಲ. ಆದರೆ ಮಗಳು ತಾಯಿಗೆ ಜ್ವರದ ಸುದ್ದಿ ಬರೆಯುತ್ತಾಳೆ, ಗೆಳೆಯ ಗೆಳೆಯನಿಂದ ಸಾಲ ಕೇಳುತ್ತಾನೆ, ಅದರ ಮೇಲೆಲ್ಲ ಸಾಮ್ರಾಜ್ಯದ ಮೆರವಣಿಗೆ ಏಕೆ? ವಿಳಾಸಕ್ಕೆ ಬಿಟ್ಟ ಜಾಗ ಬಿಟ್ಟರೆ ಬರೆಯುವವನಿಗೆ ಅಲ್ಲಿ ಏನೂ ಉಳಿದಿರಲಿಲ್ಲ. ಜನರಿಗೆ ಚಿತ್ರ ಬೇಡವಾಗಿರಲಿಲ್ಲ ಎಂಬುದಕ್ಕೆ ಆಮೇಲೆ ನಡೆದದ್ದೇ ಸಾಕ್ಷಿ.

ಪಿಕಡಿಲಿಯ ಫೋರ್ಸ್ ಎಂಬ ಪ್ರಕಾಶಕ ಮಲ್ರೆಡಿಯನ್ನು ಅಣಕಿಸುವ ನಗೆ-ಲಕೋಟೆಗಳನ್ನು ಹೊರತಂದ. ಅವುಗಳಿಗೆ ಚಿತ್ರ ಬರೆದವರಲ್ಲಿ ಜಾನ್ ಲೀಚ್ ಒಬ್ಬ, ಬಾಟಲಿಯೊಳಗೆ ಕೂತ ಜಿಗಣೆಯ ಚಿತ್ರವನ್ನೇ ಸಹಿಯಾಗಿ ಹಾಕುತ್ತಿದ್ದವನು. ಮೂರು ವರ್ಷದ ಬಳಿಕ ಡಿಕನ್ಸನ 'ಎ ಕ್ರಿಸ್‌ಮಸ್ ಕ್ಯಾರಲ್'ಗೆ ಚಿತ್ರ ಬರೆದವನೂ ಇವನೇ. ಇನ್ನೊಬ್ಬ ರಿಚರ್ಡ್ ಡಾಯ್ಲ್. ಆಗ ಅವನಿಗೆ ಹದಿನೈದು ವರ್ಷ. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲನಿಗೆ ಮುಂದೆ ದೊಡ್ಡಪ್ಪನಾದವನು. ಈ ಲಕೋಟೆಗಳು ಬರೀ ನೋಡಿ ನಗುವುದಕ್ಕಲ್ಲ, ಪೆನ್ನಿ ಬ್ಲ್ಯಾಕ್ ಅಂಟಿಸಿದರೆ ಅಂಚೆಯಲ್ಲಿ ಸಲೀಸಾಗಿ ಹೋಗುತ್ತಿದ್ದವು. ಲಕೋಟೆಯ ಮುಖ ಸರ್ಕಾರದ ಕೈಯಿಂದ ಜನರ ಕೈಗೆ ಬಂದದ್ದು ಹೀಗೆ. 1841ರ ಆರಂಭದಲ್ಲೇ ಸರ್ಕಾರ ಉಬ್ಬಚ್ಚಿನ ಸಣ್ಣ ಮುದ್ರೆಯಿರುವ ಸಾದಾ ಲಕೋಟೆಗೆ ಇಳಿಯಿತು. ಮಾರದೆ ಉಳಿದ ಮಲ್ರೆಡಿ ಲಕೋಟೆಗಳೇ ಮೊದಲು ಹೇಳಿದ ಆ ರಾಶಿ.

ಆಮೇಲಿನದು ವೇಗವಾಗಿ ಹಬ್ಬಿದ ಕಥೆ. ಕುಡಿತ ಬಿಡಿಸುವವರು, ಗುಲಾಮಗಿರಿಯ ವಿರೋಧಿಗಳು ತಮ್ಮ ಮಾತನ್ನು ಲಕೋಟೆಗೆ ಹತ್ತಿಸಿದರು. ಕಮ್ಮಾರಿಕೆ ಮಾಡುತ್ತಲೇ ಹತ್ತಾರು ಭಾಷೆ ಕಲಿತ ಅಮೆರಿಕದ ಎಲಿಹು ಬರಿಟ್, ಕಡಲಾಚೆಗೂ ಒಂದು ಪೆನ್ನಿಗೆ ಪತ್ರ ಹೋಗಲೆಂದು ಚಿತ್ರದ ಲಕೋಟೆಗಳ ಮೂಲಕವೇ ಚಳವಳಿ ಹೂಡಿದ. ಹಿಲ್‌ನ ಅಣ್ಣ ಎಡ್ವಿನ್ ಮತ್ತು ವಾರೆನ್ ಡಿ ಲಾ ರೂ 1845ರಲ್ಲಿ ಲಕೋಟೆ ಮಡಿಚುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಸಾದಾ ಲಕೋಟೆ ಅಗ್ಗವಾಯಿತು. ಮನೆಮನೆಯಲ್ಲಿ ಜನ ಅದರ ಮೇಲೆ ಮಸಿಯಲ್ಲಿ, ಜಲವರ್ಣದಲ್ಲಿ ತಾವೇ ಬರೆದು ಕಳಿಸತೊಡಗಿದರು.

ಈ ಕಲೆಯಲ್ಲಿ ನನಗೆ ಎಲ್ಲರಿಗಿಂತ ಪ್ರಿಯನಾದವನು ಲೂಯಿಸ್ ಕ್ಯಾರಲ್. ಆಕ್ಸ್‌ಫರ್ಡಿನ ಈ ಗಣಿತದ ಮೇಷ್ಟ್ರು ಪುಟ್ಟ ಗೆಳೆಯ ಗೆಳತಿಯರಿಗೆ ಬರೆದ ಪತ್ರಗಳಲ್ಲಿ ಕಾಸಿನ ಖರ್ಚಿಲ್ಲ, ಬುದ್ಧಿಯ ಖರ್ಚು ಮಾತ್ರ. ಕನ್ನಡಿ ಹಿಡಿದರೆ ಮಾತ್ರ ಓದಲಾಗುವ ಪತ್ರ, ಕೊನೆಯ ಪದದಿಂದ ಮೊದಲ ಪದಕ್ಕೆ ಹಿಂದಕ್ಕೆ ಓದಬೇಕಾದ ಪತ್ರ, ಪದದ ಜಾಗದಲ್ಲಿ ಚಿತ್ರವಿಟ್ಟ ಪತ್ರ, ಅಂಚೆ ಚೀಟಿಯಷ್ಟೇ ಪುಟ್ಟ ಪತ್ರ. ಎಷ್ಟೋ ವರ್ಷ ನೇರಳೆ ಮಸಿಯಲ್ಲೇ ಬರೆದ. ಬಂದ, ಹೋದ ಪತ್ರಗಳಿಗೆ 1861ರಿಂದ ಸಾಯುವವರೆಗೆ ದಾಖಲೆ ಇಟ್ಟ. ಅದರ ಕೊನೆಯ ಸಂಖ್ಯೆ 98,721. ಅಂಚೆ ಚೀಟಿ ಇಟ್ಟುಕೊಳ್ಳಲು ಅವನು ರೂಪಿಸಿದ ಮಡಿಕೆಯ ಹೊರಕವಚದಲ್ಲಿ ಅವನದೇ ಕಥೆಯ ಆಲಿಸ್ ಕೂಸನ್ನೆತ್ತಿಕೊಂಡಿದ್ದಾಳೆ, ಒಳಗಿನದನ್ನು ಎಳೆದರೆ ಕೂಸು ಹಂದಿಮರಿ! ಅದರ ಜೊತೆಗೆ ಪತ್ರ ಬರೆಯುವ ಕ್ರಮದ ಬಗ್ಗೆ ಒಂದು ಕಿರುಪುಸ್ತಕವನ್ನೂ 1890ರಲ್ಲಿ ಕೊಟ್ಟ.

ಹಿಲ್‌ನ ವಿಚಾರ 1854ರಲ್ಲಿ ನಮ್ಮಲ್ಲಿಗೂ ಬಂತು. ಕಾಲು ತೊಲದ ಪತ್ರಕ್ಕೆ ದೂರ ನೋಡದೆ ಅರ್ಧ ಆಣೆ. 1879ರಲ್ಲಿ ಕಾಲಾಣೆಯ ಕಾರ್ಡು, 1950ರ ಅಕ್ಟೋಬರ್ 2ರಂದು ಇನ್‌ಲ್ಯಾಂಡ್ ಲೆಟರ್. ಹಾಳೆಯೇ ಲಕೋಟೆಯಾಗುವ ಹಳೆಯ ಉಪಾಯ ನಮ್ಮ ಕೈಗೆ ನೀಲಿ ಕಾಗದವಾಗಿ ಮರಳಿತ್ತು. ಅದರೊಳಗೆ ಏನನ್ನೂ ಇಡುವಂತಿರಲಿಲ್ಲ. ಆದ್ದರಿಂದ ನಮ್ಮವರು ಕಾಗದವನ್ನೇ ದುಡಿಸಿಕೊಂಡರು. 'ಉಭಯ ಕುಶಲೋಪರಿ'ಯಿಂದ ಶುರುವಾದದ್ದು ಪುಟ ಮುಗಿದರೂ ಮುಗಿಯದೆ, ಅಂಚಿನುದ್ದಕ್ಕೂ ಹರಿದು, ಮಡಿಕೆಯ ಕಿವಿಯೊಳಗೆ ಅಕ್ಕನ ಎರಡು ಸಾಲಾಗಿ ನಿಲ್ಲುತ್ತಿತ್ತು. ಮದುವೆಯ ಕರೆಯೋಲೆಗೆ ಮೂಲೆಯಲ್ಲಿ ಅರಿಸಿನ, ಸಾವಿನ ಸುದ್ದಿಗೆ ಮಸಿ.

ಪತ್ರಿಕೆಗಳ ಪತ್ರಮೈತ್ರಿ ಅಂಕಣದಲ್ಲಿ ವಿಳಾಸ ಹಿಡಿದು ಬರೆಯುತ್ತಿದ್ದ ನಮ್ಮ ತಲೆಮಾರಿನವರಿಗೆ ಲಗ್ನಪತ್ರಿಕೆಯ ಕವರೇ ಬಂಡವಾಳ. ಅಂಟು ಬಿಡಿಸಿ, ಒಳಮೈ ಹೊರಗೆ ಮಾಡಿ, ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದರೆ ಹೊಸ ಲಕೋಟೆ. ಹಳೆಯ ಕ್ಯಾಲೆಂಡರಿನ ಹೂವು, ಗಾಳಿಪಟದ ಕಾಗದ, ಪುಸ್ತಕದಲ್ಲಿಟ್ಟು ಒಣಗಿಸಿದ ಎಲೆ, ಸ್ಕೆಚ್ ಪೆನ್ನಿನ ಬಳ್ಳಿ. ಹಳೆಯ ಲಕೋಟೆಯ ಮಾತು ಬಂದರೆ ಗಾಂಧಿಯವರೂ ನೆನಪಾಗುತ್ತಾರೆ. 1947ರ ಜೂನ್ 2, ಅವರ ಮೌನದ ದಿನ. ದೇಶ ವಿಭಜನೆಯ ಮಾತಿಗೆ ಕೂತ ಮೌಂಟ್‌ಬ್ಯಾಟನ್ನರಿಗೆ ಅವರು ಉತ್ತರ ಬರೆದುಕೊಟ್ಟದ್ದು ಹಳೆಯ ಲಕೋಟೆಗಳ ಹಿಂಬದಿಯಲ್ಲಿ. ಬಳಸಿದ ಕಾಗದಕ್ಕೆ ಮತ್ತೊಂದು ಬಾಳು ಕೊಡುವುದು ನಮ್ಮ ಮನೆಗಳಲ್ಲಿ ಅಷ್ಟು ಸಹಜವಾಗಿತ್ತು.

ಇಂಗ್ಲೆಂಡಿನಲ್ಲಿ ಮಲ್ರೆಡಿಯನ್ನು ಗೇಲಿ ಮಾಡಿದ ಲಕೋಟೆಗಳಿಗೂ ವಸ್ತುಸಂಗ್ರಹಾಲಯದಲ್ಲಿ ಜಾಗವಿದೆ. ನಮ್ಮ ಪತ್ರಮಿತ್ರರ ಲಕೋಟೆಗಳು ರದ್ದಿಯವನ ತಕ್ಕಡಿಗೆ ಹೋಗುತ್ತಿವೆ. ಅದಕ್ಕೂ ಮೊದಲೇ ಎಷ್ಟೋ ಹಾಳಾದವು. ಸ್ಟ್ಯಾಂಪು ಕೂಡಿಸುವ ಹುಡುಗರಾಗಿ ನಾವೇ ಮೂಲೆ ಕತ್ತರಿಸಿ ನೀರಲ್ಲಿ ನೆನೆಸಿದೆವು, ಉಳಿದ ಚಿತ್ರ ಒಲೆಗೆ ಹೋಯಿತು. ದೊಡ್ಡವರು ಕಾಗದವನ್ನು ತಂತಿಗೆ ಚುಚ್ಚಿಟ್ಟು ಕವರನ್ನು ಎಸೆದರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಇನ್ನೂ ಅಂಥದ್ದು ಉಳಿದಿದ್ದರೆ ದಯವಿಟ್ಟು ಕವರನ್ನೂ ಕಾಗದವನ್ನೂ ಬೇರೆ ಮಾಡಬೇಡಿ. ಸ್ಟ್ಯಾಂಪನ್ನು ಕೀಳಬೇಡಿ. ಬರೆದವರು ಯಾರು, ಯಾವ ಊರು, ಚಿತ್ರ ಬಿಡಿಸಿದ ಕೈ ಯಾರದು ಎಂಬುದನ್ನು ತಿಳಿದವರು ಇರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.