ಹಿತ್ತಲ ಮನೆ (ಹಿರಿಯರ ವಾಸದ ಉಪಮನೆ)

ಹಿತ್ತಲ ಮನೆ ಎಂದರೆ ವಾಸದ ಮನೆಯ ಹಿಂಬದಿಯ ಖಾಲಿ ಜಾಗದಲ್ಲಿ, ಕುಟುಂಬದ ಹಿರಿಯರು ಪ್ರತ್ಯೇಕವಾಗಿ ಇರಲೆಂದು ಕಟ್ಟುವ ಚಿಕ್ಕ ಮನೆ. ಸಾಮಾನ್ಯವಾಗಿ ಇದರಲ್ಲಿ ಒಂದು ಕೋಣೆ, ಅಡುಗೆಯ ಮೂಲೆ, ಬಚ್ಚಲು ಮತ್ತು ಶೌಚಾಲಯ ಇರುತ್ತವೆ. ಇಂಗ್ಲೆಂಡಿನಲ್ಲಿ ಇದನ್ನು ಗ್ರ್ಯಾನಿ ಅನೆಕ್ಸ್ ಎಂದೂ ಆಸ್ಟ್ರೇಲಿಯಾದಲ್ಲಿ ಗ್ರ್ಯಾನಿ ಫ್ಲ್ಯಾಟ್ ಎಂದೂ ಕರೆಯುತ್ತಾರೆ. ಕರ್ನಾಟಕದ ಕಾನೂನಿನಲ್ಲಿ ಈ ಹೆಸರಿನ ಪ್ರತ್ಯೇಕ ವರ್ಗವಿಲ್ಲ. ಹಳ್ಳಿಗಳಲ್ಲಿ ಇದನ್ನು ಹೊಸ ಕಟ್ಟಡವೆಂದೋ ಇರುವ ಮನೆಯ ವಿಸ್ತರಣೆಯೆಂದೋ ಪರಿಗಣಿಸಲಾಗುತ್ತದೆ. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಗುಡಗೇರಿಯಂತಹ ಗ್ರಾಮದಲ್ಲಿ ಇದಕ್ಕೆ ಅನ್ವಯಿಸುವ ನಿಯಮಗಳು ಪಂಚಾಯಿತಿ ಕಾಯ್ದೆ, ಭೂಕಂದಾಯ ಕಾಯ್ದೆ ಮತ್ತು ಹಿರಿಯ ನಾಗರಿಕರ ಕಾಯ್ದೆಗಳಲ್ಲಿ ಹಂಚಿಹೋಗಿವೆ.

ಹಿನ್ನೆಲೆ

ಗುಡಗೇರಿಯು ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗದ ಮೇಲಿರುವ, ಎರೆಭೂಮಿಯ ಬಯಲುಸೀಮೆಯ ದೊಡ್ಡ ಗ್ರಾಮ. ಈ ಭಾಗದ ಹಳೆಯ ಮನೆಗಳು ದಪ್ಪ ಗೋಡೆಯ, ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆಗಳು. ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಒಳಗೆ ಅಡುಗೆಮನೆ, ಹಿಂದೆ ಹಿತ್ತಲು ಎಂಬುದು ಅವುಗಳ ಸಾಮಾನ್ಯ ಕ್ರಮ. ಹಿರಿಯರ ಹಾಸಿಗೆ ಪಡಸಾಲೆಯಲ್ಲಿಯೇ ಇರುತ್ತಿತ್ತು. ಎತ್ತುಗಳ ಸ್ಥಾನಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಬಣವೆ ಮತ್ತು ಕುಳ್ಳಿನ ರಾಶಿಗಳು ಕಡಿಮೆಯಾಗಿ ಹಿತ್ತಲು ತೆರವಾಯಿತು. ಅದೇ ಕಾಲಕ್ಕೆ ಮಕ್ಕಳು ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ದುಡಿದು ಹಳೆಯ ಮನೆಯನ್ನು ಕಾಂಕ್ರೀಟಿನಲ್ಲಿ ಕಟ್ಟಿಸಿದಾಗ, ಮೆಟ್ಟಿಲು ಹತ್ತಲಾರದ ತಂದೆತಾಯಿಗಳಿಗೆ ನೆಲಮಟ್ಟದಲ್ಲಿ ಬೇರೆ ಕೋಣೆ ಬೇಕಾಯಿತು. ಅತ್ತೆ ಸೊಸೆಯರ ಒಲೆ ಬೇರೆಯಾಗುವುದೂ ಇದಕ್ಕೆ ಒಂದು ಕಾರಣವೆಂಬುದನ್ನು ಮರೆಮಾಚಬೇಕಾಗಿಲ್ಲ.

ಜಾಗದ ಸ್ವರೂಪ

ಕಟ್ಟುವವರು ಮೊದಲು ತಿಳಿಯಬೇಕಾದುದು ಹಿತ್ತಲು ಗ್ರಾಮಠಾಣಾದೊಳಗೆ ಇದೆಯೋ ಹೊಲದ ಸರ್ವೆ ನಂಬರಿನಲ್ಲಿ ಇದೆಯೋ ಎಂಬುದು. ಊರಿನ ವಾಸದ ನೆಲವೆಂದು ಗುರುತಿಸಿದ ಭಾಗವೇ ಗ್ರಾಮಠಾಣಾ. 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಜಿಲ್ಲೆಯಲ್ಲಿ ಹಳೆಯ ಜನ ಇದನ್ನು ಇಂದಿಗೂ ಮರಾಠಿಯ ‘ಗಾವಠಾಣ’ ಎಂಬ ಹೆಸರಿನಿಂದಲೇ ಕರೆಯುತ್ತಾರೆ. ಗ್ರಾಮಠಾಣಾದ ಅಂಚಿನಲ್ಲಿರುವ ಮನೆಗಳಲ್ಲಿ ಮುಂಭಾಗ ಠಾಣೆಯೊಳಗೆ, ಹಿತ್ತಲು ಮಾತ್ರ ಕೃಷಿಭೂಮಿಯಲ್ಲಿ ಇರುವುದುಂಟು. ಕಣ್ಣಿಗೆ ಒಂದೇ ಆವರಣವಾಗಿ ಕಾಣುವ ಈ ಎರಡು ಭಾಗಗಳಿಗೆ ಅನ್ವಯಿಸುವ ಕಾನೂನು ಬೇರೆ ಬೇರೆ.

ಕೃಷಿಭೂಮಿಯನ್ನು ವಾಸಕ್ಕೆ ಬಳಸಲು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೆಯ ಪ್ರಕರಣದಂತೆ ಭೂಪರಿವರ್ತನೆ ಆಗಬೇಕು. ರೈತನು ತನ್ನ ಹಿಡುವಳಿಯಲ್ಲಿ ಬೇಸಾಯಕ್ಕೆ ಪೂರಕವಾದ ತೋಟದ ಮನೆ ಕಟ್ಟಿಕೊಳ್ಳಲು ಅದೇ ಪ್ರಕರಣ ಅವಕಾಶ ನೀಡುತ್ತದೆ. ಆದರೆ ಅದು ಹಿಡುವಳಿಯ ಶೇಕಡಾ 10ನ್ನು ಮೀರುವಂತಿಲ್ಲ. ಊರಂಚಿನ ಒಂದೆರಡು ಗುಂಟೆಯ ತುಂಡಿಗೆ ಈ ವಿನಾಯಿತಿ ಹೆಚ್ಚಿನ ಪ್ರಯೋಜನ ಕೊಡುವುದಿಲ್ಲ.

ದಾಖಲೆಯ ದೃಷ್ಟಿಯಿಂದ ಈ ವ್ಯತ್ಯಾಸ ‘ಇ-ಸ್ವತ್ತು’ ವ್ಯವಸ್ಥೆಯಲ್ಲಿ ಸ್ಪಷ್ಟವಾಗುತ್ತದೆ. ಗ್ರಾಮಠಾಣಾದೊಳಗಿನ, ವಿಧಿವತ್ತಾಗಿ ಪರಿವರ್ತನೆಗೊಂಡು ವಿನ್ಯಾಸಕ್ಕೆ ಅನುಮೋದನೆ ಪಡೆದ ಹಾಗೂ ಸರಕಾರದ ವಸತಿ ಯೋಜನೆಗಳಲ್ಲಿ ಹಂಚಿಕೆಯಾದ ಸ್ವತ್ತುಗಳಿಗೆ ನಮೂನೆ 9 ಮತ್ತು 11ಎ ದೊರೆಯುತ್ತವೆ. ಉಳಿದವು ನಮೂನೆ 11ಬಿ ಅಡಿಯಲ್ಲಿ ಬರುತ್ತವೆ. 2020ರ ಏಪ್ರಿಲ್ 24ರಂದು ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಮೂಲಕ ಗ್ರಾಮಗಳ ವಾಸದ ಪ್ರದೇಶವನ್ನು ಅಳೆದು ಹಕ್ಕುಪತ್ರ ಸಿದ್ಧಪಡಿಸಲಾಗುತ್ತದೆ. ಅಳತೆ ನಡೆಯುವಾಗ ಹಿತ್ತಲಿನ ಗಡಿಯನ್ನು ತೋರಿಸಿ ಗುರುತು ಹಾಕಿಸಿಕೊಳ್ಳದಿದ್ದರೆ ಮುಂದೆ ನಕ್ಷೆಯನ್ನು ತಿದ್ದಿಸುವುದು ದೀರ್ಘ ಕೆಲಸವಾಗುತ್ತದೆ.

ಪಂಚಾಯಿತಿ ಪರವಾನಗಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರ 64ನೆಯ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಇರುವ ಕಟ್ಟಡವನ್ನು ಮಾರ್ಪಡಿಸುವಂತಿಲ್ಲ, ಅದಕ್ಕೆ ಸೇರ್ಪಡೆ ಮಾಡುವಂತೆಯೂ ಇಲ್ಲ. ‘ನಮ್ಮ ಹಿತ್ತಲು, ನಮ್ಮ ಗ್ವಾಡಿ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅರ್ಜಿ ಸಲ್ಲಿಸಿದ 60 ದಿನಗಳೊಳಗೆ ಪಂಚಾಯಿತಿ ತನ್ನ ನಿರ್ಧಾರ ತಿಳಿಸದಿದ್ದರೆ ಅನುಮತಿ ದೊರೆತಿದೆಯೆಂದೇ ಭಾವಿಸಬಹುದೆಂದು ಕಾಯ್ದೆಯ ಮೂಲಪಾಠ ಹೇಳುತ್ತದೆ. ಆಗಲೂ ಕಾಯ್ದೆ, ನಿಯಮ ಮತ್ತು ಉಪವಿಧಿಗಳನ್ನು ಮೀರುವಂತಿಲ್ಲ. ಈ ಅವಕಾಶವನ್ನು ಬಳಸಬೇಕಾದರೆ ಅರ್ಜಿ ತಲುಪಿದ ದಿನಾಂಕಕ್ಕೆ ಪುರಾವೆ ಬೇಕು. ಆದ್ದರಿಂದ ಸ್ವೀಕೃತಿ ಪಡೆಯದೆ ಅರ್ಜಿಯನ್ನು ಕೈಯಲ್ಲಿ ಕೊಟ್ಟು ಬರುವ ರೂಢಿ ಒಳ್ಳೆಯದಲ್ಲ.

ಅರ್ಜಿಯೊಡನೆ ಸ್ವತ್ತಿನ ನಮೂನೆ, ತೆರಿಗೆ ಪಾವತಿಸಿದ ರಸೀದಿ ಮತ್ತು ಕಟ್ಟಡದ ನಕ್ಷೆ ಇರಬೇಕು. ಜಾಗ ಸ್ಥಳೀಯ ಯೋಜನಾ ಪ್ರದೇಶದೊಳಗೆ ಬರುವಂತಿದ್ದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961 ಕೂಡ ಅನ್ವಯಿಸುತ್ತದೆ. ರೈಲುಹಳಿ ಹಾದುಹೋಗುವ ಊರುಗಳಲ್ಲಿ ರೈಲ್ವೆ ಜಾಗದ ಗಡಿಯಿಂದ 30 ಮೀಟರಿನೊಳಗೆ ಕಟ್ಟುವವರು ರೈಲ್ವೆಯ ನಿರಾಕ್ಷೇಪಣಾ ಪತ್ರವನ್ನೂ ಪಡೆಯಬೇಕಾಗುತ್ತದೆ. ತಾಲ್ಲೂಕು ಕೇಂದ್ರವಾದ ಕುಂದಗೋಳದಲ್ಲಿ ಪಟ್ಟಣ ಪಂಚಾಯಿತಿ ಇರುವುದರಿಂದ ಅಲ್ಲಿ ಗ್ರಾಮ ಪಂಚಾಯಿತಿಯ ಕಾಯ್ದೆಯ ಬದಲು ಕರ್ನಾಟಕ ಪುರಸಭೆಗಳ ಕಾಯ್ದೆ, 1964 ಜಾರಿಯಲ್ಲಿದೆ.

ವಿದೇಶಗಳಲ್ಲಿ ನಿಯಮಗಳ ಒತ್ತು ಬೇರೆ ಕಡೆಗಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕನಿಷ್ಠ 450 ಚದರ ಮೀಟರ್ ನಿವೇಶನದಲ್ಲಿ 60 ಚದರ ಮೀಟರ್‌ವರೆಗಿನ ಉಪಮನೆಗೆ ಸರಳೀಕೃತ ಅನುಮತಿ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಅನುಮತಿ ಕೊಡುವಾಗ, ಉಪಮನೆಯನ್ನು ಮುಖ್ಯ ಮನೆಗೆ ಅಧೀನವಾಗಿಯೇ ಬಳಸಬೇಕು ಎಂಬ ಷರತ್ತು ವಿಧಿಸುವುದು ಸಾಮಾನ್ಯ. ಗಾತ್ರ ಮತ್ತು ಬಳಕೆ ಅಲ್ಲಿನ ಪ್ರಶ್ನೆಗಳಾದರೆ, ಇಲ್ಲಿನ ಪ್ರಶ್ನೆ ಬಹುಮಟ್ಟಿಗೆ ದಾಖಲೆಯದು.

ನೆಲ ಮತ್ತು ನೆರೆಹೊರೆ

ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಒಂದೇ ಕೋಣೆಯಲ್ಲವೇ ಎಂದು ಮೇಲುಮೇಲೆ ಹಾಕಿದ ಬುನಾದಿ ಎರಡು ಮೂರು ವರ್ಷಗಳಲ್ಲಿ ಗೋಡೆಯನ್ನು ಸೀಳುತ್ತದೆ. ಗಟ್ಟಿ ಪದರ ಸಿಗುವವರೆಗೆ ಅಗೆಯುವುದು, ಎರೆಯನ್ನು ತೆಗೆದು ಗರಸು ತುಂಬುವುದು, ಅಥವಾ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂತಹ ಮಣ್ಣಿಗೆಂದೇ ರೂಪಿಸಿದ ಬುಡದಲ್ಲಿ ಉಬ್ಬಿರುವ ಕಂಬಗಳ ಬುನಾದಿ ಹಾಕುವುದು ಇದಕ್ಕಿರುವ ಉಪಾಯಗಳು. ಹೊಸ ಗೋಡೆಯನ್ನು ಹಳೆಯ ಮಣ್ಣಿನ ಗೋಡೆಗೆ ಅಂಟಿಸದೆ ಬಿಡಿಯಾಗಿ ಕಟ್ಟಬೇಕು. ಎರಡರ ಕುಸಿತದ ಪ್ರಮಾಣ ಒಂದೇ ಆಗಿರುವುದಿಲ್ಲ.

ಅಗೆಯುವ ಮುನ್ನ ಹಳಬರನ್ನು ವಿಚಾರಿಸುವುದು ಅವಶ್ಯ. ಜೋಳ ತುಂಬಿಡುತ್ತಿದ್ದ ಹಗೇವುಗಳು ಬಾಯಿ ಮುಚ್ಚಿದ ಸ್ಥಿತಿಯಲ್ಲಿ ನೆಲದೊಳಗೆ ಹಾಗೆಯೇ ಉಳಿದಿರಬಹುದು. ಅವುಗಳ ಮೇಲೆ ನಿಂತ ಗೋಡೆ ಒಂದು ಮಳೆಗೆ ಕುಸಿಯಬಲ್ಲದು. ಬಹುಕಾಲ ಮುಚ್ಚಿದ್ದ ಹಗೇವಿಗೆ ಗಾಳಿಯಾಡಿಸದೆ ಇಳಿಯುವುದು ಪ್ರಾಣಾಪಾಯದ ಕೆಲಸ.

ಶೌಚಾಲಯದ ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ 18 ಮೀಟರ್ ದೂರವಿರಬೇಕೆಂದು ಭಾರತೀಯ ಮಾನಕ 2470 ಸೂಚಿಸುತ್ತದೆ. ಎರೆಮಣ್ಣಿನಲ್ಲಿ ನೀರು ಸುಲಭವಾಗಿ ಇಂಗದಿರುವುದು ಇನ್ನೊಂದು ತೊಡಕು. ನೆರೆಯವರೊಂದಿಗೆ ಬರುವ ವ್ಯಾಜ್ಯಗಳು ಹೆಚ್ಚಾಗಿ ಸೂರಿನ ನೀರು ಮತ್ತು ಕಿಟಕಿಗಳದು. ಪಕ್ಕದ ಮನೆಯ ಕಿಟಕಿಗೆ 20 ವರ್ಷ ನಿರಂತರವಾಗಿ, ತಡೆಯಿಲ್ಲದೆ ಹಕ್ಕಿನಿಂದ ಬೆಳಕು ಗಾಳಿ ಬಂದಿದ್ದರೆ, ಅದನ್ನು ಮುಚ್ಚುವಂತೆ ಗೋಡೆ ಎಬ್ಬಿಸುವುದಕ್ಕೆ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ, 1882ರ 15ನೆಯ ಪ್ರಕರಣ ಅಡ್ಡಿಯಾಗಬಹುದು. ಹೊಸಿಲಿನ ಬದಲು 1:12 ಇಳಿಜಾರು, ಬಚ್ಚಲಿನಲ್ಲಿ ಹಿಡಿಕೆ, ಗಾಲಿಕುರ್ಚಿ ಹಾಯುವಷ್ಟು ಅಗಲದ ಬಾಗಿಲು ಇವು ಕಾನೂನಿನ ಕಡ್ಡಾಯವಲ್ಲದಿದ್ದರೂ ವಾಸಿಸುವವರ ವಯಸ್ಸಿನ ದೃಷ್ಟಿಯಿಂದ ಕಟ್ಟುವಾಗಲೇ ಯೋಚಿಸತಕ್ಕವು.

ಯಾರ ಹೆಸರಿನಲ್ಲಿ

ಪಂಚಾಯಿತಿ ರಿಜಿಸ್ಟರಿನಲ್ಲಿ ಉಪಮನೆಯು ಸಾಮಾನ್ಯವಾಗಿ ಮುಖ್ಯ ಮನೆಯ ಸ್ವತ್ತಿನ ಸಂಖ್ಯೆಯಲ್ಲಿಯೇ ಸೇರುತ್ತದೆ. ಪ್ರತ್ಯೇಕ ಸಂಖ್ಯೆ ಬೇಕಾದರೆ ಜಾಗವೇ ವಿಭಾಗವಾಗಿರಬೇಕು. ಪರವಾನಗಿಯಿಲ್ಲದೆ ಕಟ್ಟಿದ, ತೆರಿಗೆಗೆ ಒಳಪಡದ ಕೋಣೆ ದಾಖಲೆಯಲ್ಲಿ ಇರುವುದೇ ಇಲ್ಲ. ಇದರ ಪರಿಣಾಮ ಆಪತ್ತಿನ ಕಾಲದಲ್ಲಿ ತಿಳಿಯುತ್ತದೆ. 2019ರ ಆಗಸ್ಟ್‌ನ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದ ಹಲವೆಡೆ ಮನೆಗಳು ಬಿದ್ದಾಗ ಪೂರ್ಣ ಹಾನಿಗೊಂಡ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಘೋಷಿತವಾಯಿತು. ಅಂತಹ ಪರಿಹಾರ ಕೇಳುವವನ ಬಳಿ ಮನೆ ಇತ್ತೆಂಬುದಕ್ಕೆ ಕಾಗದ ಇರಬೇಕು. ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ)ಯಲ್ಲಿ ಕನಿಷ್ಠ 25 ಚದರ ಮೀಟರ್ ಮನೆಗೆ ನೆರವು ಸಿಗುವುದಾದರೂ ಪಕ್ಕಾ ಮನೆಯುಳ್ಳ ಕುಟುಂಬ ಅದಕ್ಕೆ ಅರ್ಹವಲ್ಲ. ಆದ್ದರಿಂದ ಹಿತ್ತಲ ಮನೆ ಬಹುಮಟ್ಟಿಗೆ ಸ್ವಂತ ಹಣದ ಕಟ್ಟಡವೇ.

ಜಾಗ ಪಿತ್ರಾರ್ಜಿತವಾಗಿದ್ದರೆ ಹೆಣ್ಣುಮಕ್ಕಳೂ ಸಹಪಾಲುದಾರರು. ಕರ್ನಾಟಕದಲ್ಲಿ ಈ ತಿದ್ದುಪಡಿ 1994ರಲ್ಲಿಯೂ ಕೇಂದ್ರ ಕಾಯ್ದೆಯಲ್ಲಿ 2005ರಲ್ಲಿಯೂ ಜಾರಿಗೆ ಬಂದಿತು. ಕೊಟ್ಟ ಮನೆಯಲ್ಲಿರುವ ಮಗಳ ಒಪ್ಪಿಗೆಯನ್ನು ಕೇಳದೆ ಕಟ್ಟಿ, ಮುಂದೆ ವಾಟ್ನಿಯ ದಾವೆಯಲ್ಲಿ ಉಪಮನೆಯೂ ಸಿಕ್ಕಿಕೊಳ್ಳುವ ಪ್ರಸಂಗ ಬರಬಹುದು.

ಹೆಚ್ಚು ಅಪಾಯದ ಕ್ರಮವೆಂದರೆ, ಸಾಲ ಪಡೆಯುವ ಅನುಕೂಲಕ್ಕೆಂದು ಹಿರಿಯರು ಇಡೀ ಸ್ವತ್ತನ್ನು ಮಗನ ಹೆಸರಿಗೆ ಬರೆದುಕೊಟ್ಟು ಹಿತ್ತಲ ಕೋಣೆಗೆ ಹೋಗುವುದು. ಆ ದಿನದಿಂದ ಅವರ ವಾಸಕ್ಕೆ ಬಾಯಿಮಾತಿನ ಹೊರತು ಆಧಾರವಿಲ್ಲ. ಮಗ ಸ್ವತ್ತನ್ನು ಮಾರಿದರೆ ಹಿತ್ತಲೂ ಅದರೊಡನೆ ಹೋಗುತ್ತದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೆಯ ಪ್ರಕರಣವು ಇದಕ್ಕೆ ಪರಿಹಾರ ಒದಗಿಸುತ್ತದೆ. ಮೂಲಭೂತ ಸೌಕರ್ಯ ಮತ್ತು ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನೊಡನೆ ಮಾಡಿದ ವರ್ಗಾವಣೆಯು ಆ ಷರತ್ತು ಮುರಿದಾಗ ಅನೂರ್ಜಿತವೆಂದು ಘೋಷಣೆಯಾಗಬಹುದು. ಕರ್ನಾಟಕದಲ್ಲಿ ಇಂತಹ ಅರ್ಜಿಗಳನ್ನು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ವಿಚಾರಿಸುತ್ತದೆ. 2022ರ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಹೇಳಿತು. 2025ರ ಜನವರಿಯ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದಿತು. ಆದರೂ ಬರೆಹದಲ್ಲಿಲ್ಲದ ಷರತ್ತನ್ನು ಸಾಬೀತುಪಡಿಸುವುದು ಎಪ್ಪತ್ತು ದಾಟಿದವರಿಗೆ ಸುಲಭವಲ್ಲ.

ಸ್ವತ್ತನ್ನು ಬರೆದುಕೊಡಲೇಬೇಕಾದರೆ ದಾನಪತ್ರದಲ್ಲಿ ಪೋಷಣೆಯ ಷರತ್ತನ್ನೂ, ತಂದೆ ಮತ್ತು ತಾಯಿ ಇಬ್ಬರೂ ಜೀವಿತಾವಧಿಯವರೆಗೆ ಹಿತ್ತಲ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಅಳತೆ ಮತ್ತು ಚಕ್ಕುಬಂದಿ ಸಹಿತ ನಮೂದಿಸಿ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸುವುದು ಕ್ರಮ. ಬಾವಿ ಅಥವಾ ನಳಕ್ಕೆ ಹೋಗುವ ದಾರಿ ಮುಖ್ಯ ಮನೆಯ ಮೂಲಕವೇ ಇದ್ದರೆ ಆ ದಾರಿಯ ಹಕ್ಕನ್ನೂ ಅದೇ ಪತ್ರದಲ್ಲಿ ಬರೆಸಬೇಕು.