ತೋಟದ ಕೆರೆಯ ಮೀನು ದೊಡ್ಡದಾಗ್ತಿಲ್ಲವೇ? ಬಾಟಲಿ ಕೂಳಿ ಇಟ್ಟು ನೋಡಿ

ಕಾಸರಗೋಡು, ಮಂಜೇಶ್ವರ ಕಡೆ ಅಡಿಕೆ ತೋಟದ ಕೆರೆಗೋ ಹಳೆಯ ಮುರಕಲ್ಲು ಕೋರೆಗೋ ನಾಲ್ಕು ತಿಲಾಪಿಯ ಮರಿ ಬಿಟ್ಟವರ ದೂರು ಒಂದೇ: ಮೀನು ರಾಶಿ ಉಂಟು, ಆದ್ರೆ ಒಂದೂ ಅಂಗೈಗಿಂತ ದೊಡ್ಡದಾಗ್ಲಿಲ್ಲ.

ಇಲ್ಲಿ ಕೆಟ್ಟಿರುವುದು ಲೆಕ್ಕ. 1952ರಲ್ಲಿ ಭಾರತಕ್ಕೆ ಬಂದ ಈ ಆಫ್ರಿಕಾದ ಮೀನು ಎರಡು–ಮೂರು ತಿಂಗಳಲ್ಲೇ ಮೊಟ್ಟೆಗೆ ಬರ್ತದೆ. ತಾಯಿ ಮೊಟ್ಟೆ, ಮರಿಗಳನ್ನು ಬಾಯೊಳಗೇ ಇಟ್ಟು ಕಾಯುವುದರಿಂದ ಹೆಚ್ಚಿನವು ಬದುಕ್ತವೆ. ಹತ್ತು ಮೀನಿಗೆ ಹಾಕುವ ತೌಡು ಸಾವಿರ ಬಾಯಿಗೆ ಹಂಚಿಹೋದರೆ ಯಾವುದು ಬೆಳೆದೀತು? ಮರಿಗಳನ್ನು ಆಗಾಗ ತೆಗೆಯಲೇಬೇಕು. ಬಲೆ ಬೀಸಿದರೆ ಅವು ಅಂಚಿನ ಹುಲ್ಲಿಗೆ ನುಗ್ಗಿ ತಪ್ಪಿಸಿಕೊಳ್ತವೆ.

ಬಿದಿರಿನ ಕೂಳಿ ಹೆಣೆಯುವವರು ಈಗ ಅಪರೂಪ. ಎರಡು ಲೀಟರಿನ ಖಾಲಿ ಬಾಟಲಿ ಸಾಕು, ಖರ್ಚೂ ಇಲ್ಲ. ಕುತ್ತಿಗೆಯ ಭಾಗವನ್ನು ಕತ್ತರಿಸಿ, ತಿರುಗಿಸಿ ಒಳಕ್ಕೆ ತುರುಕಿ, ಸರಿಗೆಯಲ್ಲಿ ಬಿಗಿಯಬೇಕು. ಮುಚ್ಚಳ ಬೇಡ. ಮೈತುಂಬಾ ಸಣ್ಣ ತೂತು, ಒಳಗೆ ಒಂದು ಕಲ್ಲು, ಅನ್ನಕ್ಕೆ ತೌಡು ಅಥವಾ ತೆಂಗಿನ ಹಿಂಡಿ ಕಲಸಿದ ಉಂಡೆ. ವಾಸನೆಗೆ ಬಂದ ಮರಿ ಬಾಟಲಿಯ ಬದಿಗೆ ತಾಗುತ್ತಾ ಜಾರಿ ನಡುವಿನ ಬಾಯಿಗೆ ಬೀಳ್ತದೆ. ಹೊರಗೆ ಹೋಗಲು ಹೊರಟಾಗ ಗೋಡೆಯ ಅಂಚಲ್ಲೇ ಸುತ್ತುತ್ತದೆ, ನಡುವಿನ ತೂತು ಅದಕ್ಕೆ ಸಿಕ್ಕುವುದು ಕಷ್ಟ. ಬೆರಳು ಗಾತ್ರಕ್ಕಿಂತ ದೊಡ್ಡ ಮೀನು ಒಳಗೆ ಬರಲಾಗದ ಕಾರಣ ಸಾಕುವ ಮೀನಿಗೆ ತೊಂದರೆಯಿಲ್ಲ.

ಬೆಳಿಗ್ಗೆ ಅಥವಾ ಸಂಜೆ, ಆಳವಿಲ್ಲದ ನೆರಳಿನ ಅಂಚಿನಲ್ಲಿ ಇಡಿ. ಒಂದೆರಡು ಗಂಟೆಗೆ ಎತ್ತಲೇಬೇಕು. ಇಟ್ಟು ಮರೆತರೆ ಗಾಳಿ ಸಾಲದೆ ಮರಿಗಳು ಸತ್ತು ನೀರು ನಾರ್ತದೆ. ಮುಗುಡಿನಂಥ ಮೀನು ಆಗಾಗ ಮೇಲೆ ಬಂದು ಉಸಿರೆಳೆಯುವಂಥದ್ದು, ಪೂರ್ತಿ ಮುಳುಗಿದ ಬಾಟಲಿಯಲ್ಲಿ ಅದಕ್ಕೂ ಉಳಿಗಾಲವಿಲ್ಲ. ಹಾಗಾಗಿ ಬಾಟಲಿಯ ಒಂದು ಬದಿ ನೀರಿನಿಂದ ಮೇಲಿರಲಿ. ಹಗ್ಗವನ್ನು ಗಟ್ಟಿ ಗೂಟಕ್ಕೆ ಕಟ್ಟಿ. ಹಗ್ಗ ಕಡಿದು ತಳ ಸೇರಿದ ಕೂಳಿ ಮೀನು ಹಿಡಿಯುವುದನ್ನು ನಿಲ್ಲಿಸುವುದಿಲ್ಲ. ಕೈ ಹಾಕುವ ಮೊದಲು ಒಮ್ಮೆ ನೋಡಿ, ಕೆಲವೊಮ್ಮೆ ನೀರು ಹಾವಿನ ಮರಿಯೂ ಒಳಗಿರ್ತದೆ.

ಇದೆಲ್ಲ ಸ್ವಂತ ಕೆರೆಗೆ ಮಾತ್ರ. ಮೊದಲ ಮಳೆಗೆ ಮೊಟ್ಟೆಯಿಡಲು ತೋಡು, ಗದ್ದೆ ಹತ್ತುವ ಮೀನಿಗೆ ಕೂಳಿ ಒಡ್ಡುವುದು ಕೇರಳದಲ್ಲಿ ಅಪರಾಧ. 2010ರ ಒಳನಾಡು ಮೀನುಗಾರಿಕೆ ಕಾಯ್ದೆಯಲ್ಲಿ ಇದಕ್ಕೆ ದಂಡವೂ ಇದೆ, ಜೈಲೂ ಇದೆ.

ಹಿಡಿದ ತಿಲಾಪಿಯ ಮರಿಗಳನ್ನು "ಪಾಪ" ಅಂತ ತೋಡಿಗೆ ಬಿಡಬೇಡಿ. ಅಲ್ಲಿಂದ ಹೊಳೆಗೆ ಇಳಿದರೆ ನಮ್ಮ ಊರಿನ ಪರಲ್ ಮೀನಿನ ಜಾಗ, ಆಹಾರ ಎರಡನ್ನೂ ಕಸಿದುಕೊಳ್ತವೆ. ಬಾತುಕೋಳಿಗೆ ಹಾಕಿ, ಇಲ್ಲಾಂದ್ರೆ ಶುಚಿ ಮಾಡಿ ಮೆಣಸು, ಅರಿಶಿನ ಹಚ್ಚಿ ಗರಿಗರಿ ಹುರಿಯಿರಿ.